ಎಡಗಡೆಯ ಸೀಟು

ದಾರೋಗೆ ಕೂತಲ್ಲಿ ಕೂರಲು ಬರುವುದಿಲ್ಲ ಎಂದು ಆಲ್ವಾನಿಯ ಹೆಂಗಸರು ಆಡಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂರಿಸಿದರೆ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುತ್ತಾಳೆ. ಇಗರ್ಜಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದರೆ ಇವಳು ಕಿಟಕಿಯ ಕಡೆ ಕತ್ತು ಚಾಚುತ್ತಾಳೆ. ಆಡಿಕೊಳ್ಳಲಿ ಬಿಡಿ. ಅವರಲ್ಲಿ ಒಬ್ಬಳಾದರೂ ದಾರೋಳ ಗಂಡ ಶೇತೆಯ ವ್ಯಾನಿನ ಎಡಗಡೆಯ ಸೀಟಿನಲ್ಲಿ ಒಂದೇ ಒಂದು ಬೇಸಿಗೆ ಕೂತು ಅಬಾನೋ ಘಾಟಿ ಹತ್ತಿ ಇಳಿದು ಬರಲಿ, ಆಮೇಲೆ ಬಾಯಿ ತೆರೆಯಲಿ.

ಚಳಿಗಾಲಕ್ಕೆ ಕೆಳಗೆ ಆಲ್ವಾನಿ, ಬೇಸಿಗೆಗೆ ಮೇಲೆ ತುಶೇತಿ. ನಮ್ಮ ಜನಕ್ಕೆ ಮನೆ ಎರಡು, ನಡುವಿನ ದಾರಿ ಮಾತ್ರ ಒಂದೇ. ಕಾಕಸಸ್ ಪರ್ವತದ ಬೆನ್ನು ಹತ್ತಿ ಆಚೆ ಇಳಿಯುವ ಆ ಮಣ್ಣುದಾರಿಯನ್ನು ರಸ್ತೆ ಎಂದು ಕರೆಯುವುದು ಬರೀ ಮರ್ಯಾದೆಗೆ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಶೇತೆಯ ವ್ಯಾನು ಜಪಾನಿನಿಂದ ಬಂದ ಹಳೆಯ ಗಾಡಿ, ಸ್ಟೀರಿಂಗ್ ಬಲಗಡೆ. ಹಾಗಾಗಿ ಎಡಗಡೆಯ ಗಾಲಿ ಎಲ್ಲಿದೆ ಎಂಬುದು ಓಡಿಸುವವನಿಗೆ ಕಾಣುವುದಿಲ್ಲ. ಕಣಿವೆ ಎಡಕ್ಕೆ ಬಂದಾಗಲೆಲ್ಲ ಪಕ್ಕದಲ್ಲಿ ಕೂತವರು ಕಿಟಕಿಯಿಂದ ತಲೆ ಹೊರಹಾಕಿ ಗಾಲಿ ನೋಡಿ ಹೇಳಬೇಕು. ಬೇರೆ ಡ್ರೈವರುಗಳು ಸಿಕ್ಕಸಿಕ್ಕವರನ್ನು ಕೂರಿಸಿಕೊಳ್ಳುತ್ತಾರೆ. ಶೇತೆಯ ಪಕ್ಕದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ದಾರೋ ಒಬ್ಬಳೇ.

'ಜಾಗ ಇದೆ' ಅಂದರೆ ಅವನು ಹಾಡು ಗುನುಗುತ್ತಲೇ ಹೋಗುತ್ತಿದ್ದ. 'ಒಂದು ಗೇಣು' ಅಂದರೆ ಹಾಡು ನಿಲ್ಲುತ್ತಿತ್ತು. 'ನಾಲ್ಕು ಬೆರಳು' ಅಂದರೆ ಹಿಂದೆ ಕೂತವರ ಹರಟೆಯೂ ನಿಲ್ಲುತ್ತಿತ್ತು.

ಒಂದು ವಿಷಯ ಹೇಳಿಬಿಡಬೇಕು. ದಾರೋ ಓಡಿಸಲು ಬಾರದ ಹೆಂಗಸಲ್ಲ. ಮದುವೆಗೆ ಮುಂಚೆ ಸಾಮೂಹಿಕ ಫಾರ್ಮಿನ ಹಾಲಿನ ಲಾರಿ ಓಡಿಸುತ್ತಿದ್ದವಳು. ನಮ್ಮ ಕಡೆಯ ಗಾಡಿಗಳಂತೆ ಅದರ ಸ್ಟೀರಿಂಗ್ ಎಡಗಡೆ ಇತ್ತು. ಶೇತೆ ಈ ವ್ಯಾನು ತಂದ ದಿನ ಅವಳು ಎಡಗಡೆ ಹತ್ತಿ ಕೂತಾಗ ಕೈಗಳು ತಾವಾಗಿಯೇ ಮೇಲೆದ್ದು ಸ್ಟೀರಿಂಗ್ ಹುಡುಕಿದ್ದವು. ಶೇತೆ ಬಿದ್ದು ಬಿದ್ದು ನಕ್ಕಿದ್ದ. ಚಳಿಗಾಲದಲ್ಲಿ ಶಿರಾಕಿ ಬಯಲಿನಲ್ಲಿ ಕುರಿಗಳಿಗೆ ಮೇವು ಸಾಗಿಸುವಾಗ ಅದೇ ವ್ಯಾನು ಅವಳ ಕೈಗೆ ಬರುತ್ತಿತ್ತು. ಬಯಲಿನಲ್ಲಿ ಓಡಿಸಬಹುದಂತೆ, ಘಾಟಿಯಲ್ಲಿ ಕೂಡದಂತೆ. ಇದು ಯಾರು ಮಾಡಿದ ಕಟ್ಟಳೆಯೋ, ಯಾರನ್ನು ಕೇಳಿದರೂ ಗೊತ್ತಿಲ್ಲ. ಗಂಡಸರು ಕೈಯಲ್ಲಿ ಹಿಡಿದದ್ದನ್ನು ಬಿಡುವುದಿಲ್ಲ, ಅಷ್ಟೇ.

ಶೇತೆಯ ಎಡಗಣ್ಣಿಗೆ ಪೊರೆ ಬಂದದ್ದು ದಾರೋಗೆ ಗೊತ್ತಾದದ್ದು ಊಟದ ಮೇಜಿನಲ್ಲಿ. ಮಾತಾಡಿಸಿದರೆ ಕೋಳಿ ನೋಡುವ ಹಾಗೆ ಇಡೀ ತಲೆ ತಿರುಗಿಸುತ್ತಿದ್ದ. ಉಪ್ಪಿನ ಬಟ್ಟಲಿಗೆ ಕೈ ಹಾಕಿದರೆ ಬೆರಳು ಮೇಜಿಗೆ ತಾಗುತ್ತಿತ್ತು. ಅವಳು ಕೇಳಿದಾಗ ಮೊದಲು ರೇಗಿದ, ಆಮೇಲೆ ಬೇಡಿಕೊಂಡ, ಕೊನೆಗೆ ಮಗನ ಮೇಲೆ ಆಣೆ ಹಾಕಿಸಿಕೊಂಡ. "ಯಾರ ಹತ್ರಾನೂ ಬಾಯಿ ಬಿಡಬೇಡ. ಒಂದು ಸಲ ಸುದ್ದಿ ಹೊರಗೆ ಬಿತ್ತು ಅಂದ್ರೆ ನನ್ನ ಗಾಡಿಗೆ ನಾಯೀನೂ ಹತ್ತಲ್ಲ. ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ, ನೀನಿದ್ದೀಯಲ್ಲ, ಸಾಕು."

ಅಂದಿನಿಂದ ಅವಳಿಗೆ ನೆಮ್ಮದಿ ಎಂಬುದು ಹೋಯಿತು. ಮೊದಲು ಕಣಿವೆ ಎಡಕ್ಕೆ ಬಂದಾಗ ಮಾತ್ರ ಮಾತಾಡುತ್ತಿದ್ದವಳು ಈಗ ಇಡೀ ದಾರಿ ಮಾತಾಡಬೇಕಾಯಿತು. ಕುರಿ ಬಂತು, ಗುಂಡಿ ಬಂತು, ಎದುರಿಗೆ ಲಾರಿ ಬಂತು. ಒಂದು ಕಣ್ಣಿನವನಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಅದನ್ನೂ ಅವಳೇ ಅಳೆದು ಹೇಳಬೇಕು. ವ್ಯಾನು ಅವನ ಕೈಯಲ್ಲಿ ಇದ್ದರೂ ಓಡುತ್ತಿದ್ದದ್ದು ಅವಳ ಬಾಯಿಯಿಂದ. ಬೇಸಿಗೆ ಮುಗಿಯುವಷ್ಟರಲ್ಲಿ ಗಂಟಲು ಬಿದ್ದುಹೋಗುತ್ತಿತ್ತು.

ಅದನ್ನೂ ಸಹಿಸಿಕೊಂಡು ಹೋಗುತ್ತಿದ್ದಳೇನೋ. ಆದರೆ ಖಾತಿಯ ತಿರುವು ಒಂದಿತ್ತಲ್ಲ.

ಖಾತಿ ಎಂದರೆ ನಮ್ಮ ದೇವರ ಜಾಗ. ಕಲ್ಲು ಪೇರಿಸಿದ ಗಿಡ್ಡ ಕಂಬ, ಮೇಲೆ ಟಗರಿನ ಕೊಂಬುಗಳು. ಘಾಟಿಯ ನೆತ್ತಿ ದಾಟಿ ಆಚೆ ಇಳಿಯುವಾಗ, ದಾರಿಯ ಬಲಕ್ಕೆ ದಿಬ್ಬದ ಮೇಲೆ ಶೇತೆಯ ಊರಿನವರ ಖಾತಿ ಇದೆ. ಅದರ ಮುಂದೆ ಹೆಂಗಸರು ಹಾಯುವಂತಿಲ್ಲ. ಬೇರೆ ಊರಿನ ಹೆಂಗಸರು ಸೀಟಿನಲ್ಲೇ ತಲೆ ತಗ್ಗಿಸಿ ಕೂತು ಹೋಗಿಬಿಡುತ್ತಾರೆ, ಪ್ರವಾಸಿಗಳಂತೂ ಫೋಟೋ ತೆಗೆಯುತ್ತಾರೆ. ಶೇತೆಯ ಊರಿನ ಸೊಸೆಯಂದಿರಿಗೆ ಮಾತ್ರ ರಿಯಾಯಿತಿ ಇಲ್ಲ. ಖಾತಿಯ ಎಲ್ಲೆಗೆ ನೆಟ್ಟ ಎರಡು ಬಿಳಿಕಲ್ಲುಗಳಲ್ಲಿ ಈಚೆಯದರ ಹತ್ತಿರ ಇಳಿದು, ದಾರಿಯ ಕೆಳಗಿನ ಕಾಲುಹಾದಿಯಲ್ಲಿ ನಡೆದು, ಆಚೆಯ ಬಿಳಿಕಲ್ಲಿನ ಹತ್ತಿರ ಮತ್ತೆ ಹತ್ತಬೇಕು. ಅಷ್ಟು ದೂರ ಎಡಗಡೆಯ ಸೀಟು ಖಾಲಿ. ಆ ತಿರುವಿನಲ್ಲಿ ಕಣಿವೆ ಇರುವುದೂ ಎಡಕ್ಕೇ.

ಹೋದ ವರ್ಷ ಕೊನೆಯ ಸಲ ಹೋಗುವಾಗ ಮಣ್ಣು ಹಸಿಯಾಗಿತ್ತು. ಆಚೆಯ ಬಿಳಿಕಲ್ಲಿನ ಹತ್ತಿರ ಹತ್ತುವ ಮುಂಚೆ ದಾರೋ ಹಿಂದಕ್ಕೆ ತಿರುಗಿ ನೋಡಿದಳು. ಎಡಗಾಲಿಯ ಗುರುತು ಅಂಚಿನಲ್ಲಿ ಅರ್ಧವೇ ಮೂಡಿತ್ತು. ಇನ್ನರ್ಧ ಗಾಳಿಯ ಮೇಲೆ ಹೋಗಿತ್ತು. ಅವತ್ತು ಅವಳು ಹತ್ತಿ ಕೂತಳು, ಗಾಡಿ ಹೊರಟಿತು. ಆದರೆ ಇಡೀ ಚಳಿಗಾಲ ರೊಟ್ಟಿ ಲಟ್ಟಿಸುವಾಗ, ಉಣ್ಣೆ ಬಿಡಿಸುವಾಗ ಆ ಅರ್ಧ ಗುರುತೇ ಕಣ್ಣಿಗೆ ಕಟ್ಟುತ್ತಿತ್ತು.

ಈ ವರ್ಷವಾದರೂ ಬೇಡ ಎನ್ನೋಣವೆಂದರೆ, ಜುಲೈಯ ಹಬ್ಬದ ಸರದಿ ಬಂದದ್ದೇ ಶೇತೆಗೆ. ಸರದಿ ಬಂದವನು ಊರಿಗೆಲ್ಲ ಬಿಯರ್ ಕಾಯಿಸಬೇಕು, ಖಾತಿಗೆ ಮೊದಲ ಬಟ್ಟಲು ಎತ್ತಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಅವನೇ ಮೇಲಕ್ಕೆ ಒಯ್ಯಬೇಕು, ಬೇರೆಯವರ ಕೈ ಸೋಕುವಂತಿಲ್ಲ. ಜೀವಮಾನದಲ್ಲಿ ಒಮ್ಮೆ ಬರುವ ಸರದಿ. ಅದಕ್ಕಾಗಿ ಶೇತೆ ಹೊಸ ಟೋಪಿ ಬೇರೆ ಹೊಲಿಸಿದ್ದ.

ಹೊರಡುವ ಬೆಳಿಗ್ಗೆ ಮೂಟೆಗಳನ್ನು ಏರಿಸಿ ಆದ ಮೇಲೆ ಶೇತೆ ಪ್ರತಿಯೊಂದು ಚೀಲಕ್ಕೂ ಮೂಗು ಹಚ್ಚಿ ಮೂಸಿದ. ತುಶೇತಿಗೆ ಹಂದಿಮಾಂಸ ಹೋಗಕೂಡದು. ಹೋದ ಗಾಡಿ ವಾಪಸು ಬರುವುದಿಲ್ಲ ಎಂದು ನಮ್ಮವರ ನಂಬಿಕೆ.

"ಚಿಕ್ಕಪ್ಪ, ನಿಮ್ಮ ಬುತ್ತಿ ತೋರಿಸಿ."

"ನನ್ನದೂ ಮೂಸ್ತೀಯೇನೋ ಕತ್ತೆ! ಖಾತಿಯ ಕಾವಲು ಕಾಯೋನು ನಾನು," ಎಂದ ಉಶಾಂಗಿ. ಶೇತೆಯ ಅಪ್ಪನ ದಾಯಾದಿ ತಮ್ಮ. ಖಾತಿಯಲ್ಲಿ ಮೊಂಬತ್ತಿ ಹಚ್ಚುವ, ಹರಕೆ ಒಪ್ಪಿಸುವ ಹಿರಿಯ. ಕಡ್ಡಿಯಂತಹ ಮೈ, ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ತಮಾಷೆ. "ಬರೀ ಕುರಿ ಗಿಣ್ಣು, ರೊಟ್ಟಿ. ನಂಬಿಕೆ ಇಲ್ಲದಿದ್ರೆ ತಿಂದೇ ನೋಡು, ಆಮೇಲೆ ನನಗೆ ಉಪವಾಸ."

"ನಿಯಮ ಅಂದ್ರೆ ನಿಯಮ ಚಿಕ್ಕಪ್ಪ."

ದಾರೋ ಕಿಟಕಿಯ ಗಾಜು ಇಳಿಸುತ್ತಾ ತುಟಿ ಕಚ್ಚಿಕೊಂಡಳು. ಊರ ಚೀಲವನ್ನೆಲ್ಲ ಮೂಸಿ ನೋಡುವವನಿಗೆ ತನ್ನ ಮುಖದ ಮೇಲಿನ ಕಣ್ಣು ಮಾತ್ರ ನಿಯಮದ ಲೆಕ್ಕಕ್ಕೆ ಸಿಗಲಿಲ್ಲ.

ಸ್ತೋರಿ ನದಿಯ ಪಕ್ಕದ ದಾರಿ ಇನ್ನೂ ನೆರಳಿನಲ್ಲಿತ್ತು. ಮೇಲಿನಿಂದ ಬೀಳುವ ನೀರು ದಾರಿಯನ್ನು ಅಡ್ಡ ಕೊರೆದುಕೊಂಡು ಹೋಗಿತ್ತು. ವ್ಯಾನು ನೀರಿಗಿಳಿದು, ಕಲ್ಲು ಕಡಿದು, ಮುಕ್ಕರಿದು ಮೇಲೆ ಬಂತು. ದಾರೋಳ ಅರ್ಧ ಮೈ ಕಿಟಕಿಯಾಚೆಗೇ ಇತ್ತು.

"ಎದುರು ಕಲ್ಲು, ದೊಡ್ಡದು, ಬಲಕ್ಕೆ ತಗೋ. ಇನ್ನೂ. ಜಾಗ ಇದೆ. ನೀರಿನ ಗುಂಡಿ ಬಂತು, ಮೆಲ್ಲಗೆ. ಮೆಲ್ಲಗೆ ಅಂದ್ನಲ್ಲ!"

"ಏನೇ ಸೊಸೆ," ಹಿಂದಿನಿಂದ ಉಶಾಂಗಿಯ ದನಿ, "ಮೊದಲೆಲ್ಲ ಗಾಲಿ ಅಷ್ಟೇ ನೋಡ್ತಿದ್ದೆ. ಈಗ ರಸ್ತೆ ಮೇಲಿನ ಇರುವೇನೂ ಎಣಿಸೋಕೆ ಶುರು ಮಾಡಿದ್ದೀಯಲ್ಲ. ಗಂಡನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಗಂಡನ ಮೇಲಿದೆ ಮಾವ. ರಸ್ತೆ ಮೇಲಿಲ್ಲ."

"ಅವಳನ್ನ ತಡೀಬೇಡಿ ಚಿಕ್ಕಪ್ಪ," ಎಂದು ಶೇತೆ ನಕ್ಕ. "ಈ ಗಾಡಿ ಡೀಸೆಲ್ಲಿಗಿಂತ ಜಾಸ್ತಿ ಇವಳ ಬಾಯಿ ಮೇಲೆ ಓಡತ್ತೆ."

ಅವನು ಅದನ್ನು ತಮಾಷೆಗೆಂದೇ ಹೇಳಿದ. ದಾರೋಗೆ ಅಳುವೇ ಬಂದಿತ್ತು. ಅವನ ಕೆನ್ನೆಗೆ ಒಂದು ಬಿಗಿಯಬೇಕೆಂದೂ ಅನಿಸಿತು.

ಏರು ಶುರುವಾಗುವಲ್ಲಿ ನೊಡಾರನ ಕಲ್ಲು ಸಿಕ್ಕಿತು. ಘಾಟಿಯಲ್ಲಿ ಬಿದ್ದು ಸತ್ತ ಡ್ರೈವರುಗಳಿಗೆ ಅವರವರ ಮನೆಯವರು ದಾರಿ ಬದಿಗೆ ಕಲ್ಲು ನಿಲ್ಲಿಸಿ ಮುಖ ಕೆತ್ತಿಸುತ್ತಾರೆ. ಹಾಯುವವರು ಇಳಿದು, ದ್ರಾಕ್ಷಿಯ ಸಾರಾಯಿ ಸುರಿದು, ಅವರ ಹೆಸರು ಹೇಳಿ ಕುಡಿಯಬೇಕು. ಓಡಿಸುವವನು ತುಟಿಗೆ ಮುಟ್ಟಿಸಿ ಉಳಿದದ್ದನ್ನು ನೆಲಕ್ಕೆ ಚೆಲ್ಲುತ್ತಾನೆ. ಹಾಗೆ ಚೆಲ್ಲದವರ ಮುಖಗಳೂ ಆ ಕಲ್ಲುಗಳ ಮೇಲಿವೆ.

ನೊಡಾರ ಶೇತೆಯ ಜೊತೆಗೇ ಈ ದಾರಿಗೆ ಇಳಿದವನು. ಕಲ್ಲಿನಲ್ಲಿ ನಗುತ್ತಾ ಸ್ಟೀರಿಂಗ್ ಹಿಡಿದು ಕೂತಿದ್ದ. ಉಶಾಂಗಿ ಬಟ್ಟಲು ಒಡ್ಡಿದ. ಶೇತೆ ಸೀಸೆ ಬಗ್ಗಿಸಿದ. ಸಾರಾಯಿ ಬಟ್ಟಲಿಗೆ ಬೀಳದೆ ಉಶಾಂಗಿಯ ಮಣಿಕಟ್ಟಿನ ಮೇಲೆ ಸುರಿದು ಮೊಣಕೈವರೆಗೂ ಹರಿಯಿತು.

"ಏಯ್! ನನ್ನ ಅಂಗಿತೋಳಿಗೆ ಯಾಕೋ ಕುಡಿಸ್ತೀಯ? ಅದಿನ್ನೂ ಸತ್ತಿಲ್ಲ!"

"ಕೈ ಜಾರಿತು ಚಿಕ್ಕಪ್ಪ."

ಇಬ್ಬರೂ ನಕ್ಕರು. ದಾರೋ ನಗಲಿಲ್ಲ. ಉಶಾಂಗಿ ನಗು ನಿಂತ ಮೇಲೂ ಶೇತೆಯ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕಲ್ಲಿನ ಕಡೆ ತಿರುಗಿ, "ನೊಡಾರಾ, ನಿನ್ನ ದಾರಿ ಅಲ್ಲಿಯಾದರೂ ಅಗಲವಾಗಿರಲಿ," ಎಂದು ಕುಡಿದ.

ಮೇಲೆ ಹೋದಂತೆ ಮರಗಳು ಹಿಂದುಳಿದವು. ಹುಲ್ಲು, ಕಲ್ಲು, ಅಲ್ಲಲ್ಲಿ ಕೊಳಕು ಹಿಮ. ತಿರುವಿನ ಮೇಲೆ ತಿರುವು. ಕಣಿವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು. ದಾರೋಳ ಬಾಯಿ ಗಾಲಿಯ ಲೆಕ್ಕ ಹೇಳುತ್ತಿತ್ತು, ಮನಸ್ಸು ಖಾತಿಯ ತಿರುವಿನಲ್ಲೇ ನಿಂತಿತ್ತು. ಉಶಾಂಗಿ ಮಾವನಿಗೆ ಹೇಳಿಬಿಡಲೇ? ಮಗನ ಮೇಲಿನ ಆಣೆ ಇದೆ. ಮಗ ಮೇಲೆ ಕುರಿಗಳ ಜೊತೆ ಬಂಡೆಗಳ ನಡುವೆ ಓಡಾಡುವವನು. ಇಳಿಯದೆ ಸೀಟಿನಲ್ಲೇ ಕೂತುಬಿಡಲೇ? ಹಿಂದೆ ಖಾತಿಯ ಹಿರಿಯನೇ ಕೂತಿದ್ದಾನೆ. ಹಬ್ಬದ ಬಾರ್ಲಿ ಇರುವ ಗಾಡಿ. ಮೈಲಿಗೆ ಆಯಿತೆಂದು ಸರದಿ ಕಿತ್ತುಕೊಂಡರೆ ಶೇತೆ ಊರಲ್ಲಿ ತಲೆ ಎತ್ತುವುದು ಹೇಗೆ? ಅವಳು ಬೆರಳು ಮಡಚಿದಳು, ಬಿಚ್ಚಿದಳು, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಡಿದಳು.

ನೆತ್ತಿಯಲ್ಲಿ ಗಾಳಿ ಬೀಸುತ್ತಿತ್ತು. ಎದುರಿನಿಂದ ಬಂದ ಲಾರಿಯವನು ಗಾಡಿ ನಿಲ್ಲಿಸಿ ತಲೆ ಹೊರಹಾಕಿದ.

"ಶೇತೆ ಅಣ್ಣಾ, ಖಾತಿ ತಿರುವಲ್ಲಿ ಹುಷಾರು. ನಿನ್ನೆ ಮಳೆಗೆ ಕಣಿವೆ ಕಡೆ ಅಂಚು ತಿಂದುಹಾಕಿದೆ. ಬಂಡೆಗೆ ಒರಸ್ಕೊಂಡೇ ಹೋಗು. ನಂದು ಕೂದಲೆಳೆಯಲ್ಲಿ ಬಂತು."

"ನನಗೆ ಹೇಳ್ತೀಯಾ? ಆ ತಿರುವನ್ನ ನಾನು ಕಣ್ಣು ಮುಚ್ಕೊಂಡು ದಾಟ್ತೀನಿ."

ಲಾರಿ ಹೊರಟುಹೋಯಿತು.

ಬಿಳಿಕಲ್ಲಿನ ಹತ್ತಿರ ಶೇತೆ ಬ್ರೇಕು ಹಾಕಿದ. ಉಶಾಂಗಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ದಾರೋ ಕೂತೇ ಇದ್ದಳು. ಕೂತಲ್ಲಿ ಕೂರಲಾರದ ದಾರೋ ಮೊದಲ ಸಲ ಸೀಟಿಗೆ ಅಂಟಿಕೊಂಡಿದ್ದಳು.

"ಇಳಿಯೇ," ಎಂದ ಶೇತೆ.

"ಬುಲ್ಡೋಜರ್‌ನವರು ಬರೋ ತನಕ ಕಾಯೋಣ."

"ಅವರು ಯಾವ ಕಾಲಕ್ಕೆ ಬರ್ತಾರೋ! ಇವತ್ತು ಒಲೆ ಹೊತ್ತಿಸದಿದ್ರೆ ಹಬ್ಬದ ದಿನಕ್ಕೆ ಬಿಯರ್ ಹುಳಿ ಬರಲ್ಲ. ಗೊತ್ತಿಲ್ವಾ ನಿನಗೆ?"

"ಹಾಗಾದ್ರೆ ಉಶಾಂಗಿ ಮಾವನ್ನ ಮುಂದೆ ಕೂರಿಸ್ಕೋ. ಗಾಲಿ ನೋಡಿ ಹೇಳ್ಲಿ."

"ಇಷ್ಟು ವರ್ಷ ಈ ತಿರುವಲ್ಲಿ ಯಾರು ಹೇಳ್ತಿದ್ರು? ಒಬ್ಬನೇ ದಾಟಿಲ್ವಾ?" ಅವನು ಅವಳ ಕಡೆ ಬಗ್ಗಿ ದನಿ ತಗ್ಗಿಸಿದ. "ಆಣೆ ನೆನಪಿದೆ ತಾನೇ?"

ಅವಳು ಇಳಿದಳು. ಬೇಡವೆಂದು ಮನಸ್ಸು ಕೂಗುತ್ತಿದ್ದರೂ ಕಾಲುಗಳು ಅಭ್ಯಾಸಬಲದಿಂದ ಇಳಿದುಬಿಟ್ಟವು. ಹೆಂಗಸರ ಕಾಲುಹಾದಿ ದಾರಿಯ ಅಂಚಿನ ಕೆಳಗೇ ಹುಲ್ಲಿನ ಇಳಿಜಾರಿನಲ್ಲಿ ಹೋಗುತ್ತದೆ. ಅದರ ಕೆಳಗೆ ಬರೀ ಆಳ. ಅವಳು ನಡೆಯಲಿಲ್ಲ, ಓಡಿದಳು. ವ್ಯಾನಿಗಿಂತ ಮುಂಚೆ ಆಚೆಯ ಕಲ್ಲು ಮುಟ್ಟಿದರೆ ಎಲ್ಲವೂ ಸರಿಹೋಗುತ್ತದೆ ಎಂಬಂತೆ ಓಡಿದಳು. ಮೇಲೆ ಇಂಜಿನ್ನು ಗುರುಗುಟ್ಟುತ್ತಾ ಬರುತ್ತಿತ್ತು.

ಹೆಗಲ ಮೇಲೆ ಏನೋ ಉದುರಿತು. ಮಣ್ಣು. ಆಮೇಲೆ ಸಣ್ಣ ಕಲ್ಲು. ತಲೆ ಎತ್ತಿದಳು.

ಅವಳ ತಲೆಯ ಮೇಲೆಯೇ ವ್ಯಾನಿನ ಎಡಗಾಲಿಯ ಅಡಿ ಕಾಣಿಸುತ್ತಿತ್ತು. ಗಾಲಿಯ ಪಕ್ಕವಲ್ಲ, ಅಡಿ. ಅರ್ಧ ಗಾಲಿ ನೆಲ ಬಿಟ್ಟು ಹೊರಗೆ ಬಂದಿತ್ತು. ಮುಂದೆ ನಾಲ್ಕು ಹೆಜ್ಜೆಯಲ್ಲಿ ಅಂಚು ಕುಸಿದು ಹೋಗಿತ್ತು, ಹಸಿ ಮಣ್ಣು ಬಾಯಿ ತೆರೆದು ನಿಂತಿತ್ತು. ವ್ಯಾನು ಅದರ ಕಡೆಗೇ ಬರುತ್ತಿತ್ತು, ಮೆಲ್ಲಗೆ, ನಿಶ್ಚಿಂತೆಯಾಗಿ.

"ಶೇತೇ! ನಿಲ್ಲು!"

ಖಾತಿಯ ಹತ್ತಿರ ಹೆಂಗಸರು ದನಿ ಏರಿಸುವಂತಿಲ್ಲ. ಅವಳು ಎದೆ ಒಡೆಯುವಂತೆ ಕೂಗಿದಳು. ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಆಗ ದಾರೋ ಯೋಚಿಸಲಿಲ್ಲ. ಹುಲ್ಲು ಹಿಡಿದಳು, ಬೇರು ಹಿಡಿದಳು, ಮಂಡಿ ಊರಿ, ಉಗುರು ಊರಿ, ಆ ಇಳಿಜಾರನ್ನು ನೆಟ್ಟಗೆ ಹತ್ತಿದಳು. ಆ ವಯಸ್ಸಿನಲ್ಲಿ, ಆ ಮೈಯಲ್ಲಿ ಹೇಗೆ ಹತ್ತಿದಳೆಂದು ಅವಳಿಗೂ ಗೊತ್ತಿಲ್ಲ. ದಾರಿಯ ಮೇಲೆ ಎದ್ದು ನಿಂತಾಗ ವ್ಯಾನಿನ ಮೂತಿ ಕೈಗೆಟಕುವಷ್ಟು ಹತ್ತಿರವಿತ್ತು. ಎರಡೂ ಕೈ ಅಗಲಿಸಿ ನಿಂತಳು.

ವ್ಯಾನು ಗಕ್ಕನೆ ನಿಂತಿತು. ಶೇತೆ ಕಿಟಕಿಯಿಂದ ಅರಚಿದ.

"ಹುಚ್ಚು ಹಿಡಿದಿದೆಯೇನೇ? ಎಲ್ಲಿ ನಿಂತಿದ್ದೀಯ ಗೊತ್ತಾ?"

"ನೀನೆಲ್ಲಿ ನಿಂತಿದ್ದೀಯ ನಿನಗೆ ಗೊತ್ತಾ?" ಅವಳೂ ಅರಚಿದಳು. "ಎಡಗಡೆ ಬಾಗಿಲು ತೆಗೆದು ನೋಡು! ಬೇಡ, ಮುಟ್ಟಬೇಡ, ಅಲ್ಲಾಡಬೇಡ!"

ಹಿಂದೆ ಉಶಾಂಗಿ ಎಡಗಡೆಯ ಗಾಜು ಸರಿಸಿ ಕೆಳಗೆ ನೋಡಿದ. ನೋಡಿ ಶಿಲುಬೆ ಹಾಕಿಕೊಂಡ. ಅವನ ಬಾಯಿಂದ ತಮಾಷೆ ಹೊರಡಲಿಲ್ಲ.

"ಶೇತೆ," ಎಂದ, "ಸೊಸೆ ಹೇಳಿದ ಹಾಗೆ ಮಾಡು."

ದಾರೋ ತಲೆವಸ್ತ್ರ ಬಿಚ್ಚಿ ಅವನ ಒಳ್ಳೆಯ ಕಣ್ಣಿಗೆ ಕಾಣುವಂತೆ ಬಂಡೆಯ ಪಕ್ಕಕ್ಕೆ ಹಿಡಿದಳು. "ಇದನ್ನೇ ನೋಡು. ಬೇರೆ ಏನೂ ನೋಡಬೇಡ. ಮೊದಲು ಹಿಂದಕ್ಕೆ, ಒಂದು ಚೂರು. ಸಾಕು. ಈಗ ಸ್ಟೀರಿಂಗ್ ಪೂರ್ತಿ ಬಲಕ್ಕೆ. ಇನ್ನೂ. ಬಾ. ಬಂಡೆಗೆ ತಾಗಿದ್ರೆ ತಾಗ್ಲಿ, ಬಾ." ಬಲಗಡೆಯ ಕನ್ನಡಿ ಬಂಡೆಗೆ ಉಜ್ಜಿ ಕಳಚಿ ಬಿತ್ತು. ಅವಳು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಬಟ್ಟೆ ಆಡಿಸುತ್ತಾ, ಊರಿನ ಸೊಸೆಯಂದಿರಿಗೆ ನಿಷಿದ್ಧವಾದ ಆ ದಾರಿಯನ್ನು ಗಂಡನಿಗೆ ಬೆನ್ನು ಹಾಕದೆ ನಡೆದಳು. ಒಮ್ಮೆ ಮಾತ್ರ ಕಣ್ಣು ದಿಬ್ಬದ ಮೇಲೆ ಹೋಯಿತು. ನಾಲ್ಕು ಕಲ್ಲು, ಎರಡು ಕೊಂಬು, ಕರಗಿದ ಮೊಂಬತ್ತಿಯ ಕಲೆ. ಇಷ್ಟೇನಾ ಎನಿಸಿತು. ಮರುಗಳಿಗೆಯೇ ಮನಸ್ಸಿನಲ್ಲಿ, ಇವನನ್ನು ದಾಟಿಸಿಬಿಡಪ್ಪಾ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು, ಎಂದು ಕೈ ಮುಗಿದಳು.

ಕುಸಿದ ಅಂಚಿನ ಪಕ್ಕ ಹಾಯುವಾಗ ಅವಳು ಬೆರಳು ಲೆಕ್ಕಕ್ಕೆ ಬಂದಳು. "ನಾಲ್ಕು ಬೆರಳು. ನಾಲ್ಕೇ. ಹಾಗೇ ಬಾ. ಮೂರು. ಬಾ. ಒಂದು ಗೇಣು." ಆಚೆಯ ಬಿಳಿಕಲ್ಲು ದಾಟಿದ ಮೇಲೆ, "ಜಾಗ ಇದೆ," ಎಂದಳು. ಹಾಗೆಂದವಳೇ ಹುಲ್ಲಿನ ಮೇಲೆ ಕುಸಿದು ಕೂತಳು. ಮಂಡಿಯಿಂದ ರಕ್ತ ಇಳಿಯುತ್ತಿತ್ತು.

ಉಶಾಂಗಿ ಇಳಿದು, ಟೋಪಿ ಕೈಯಲ್ಲಿ ಹಿಡಿದು ಖಾತಿಯ ಕಡೆ ಹಿಂದಕ್ಕೆ ನಡೆದ. ಶೇತೆ ಬಂದು ಅವಳ ಪಕ್ಕದಲ್ಲಿ ನಿಂತ. ಕೂರಲು ಹೋಗಿ ಕೂರಲಿಲ್ಲ.

"ಮುಗೀತು. ಚಿಕ್ಕಪ್ಪ ಊರಲ್ಲಿ ಹೇಳ್ತಾನೆ. ಸರದಿ ಹೋಯ್ತು."

ದಾರೋ ತಲೆವಸ್ತ್ರವನ್ನು ಮಂಡಿಗೆ ಒತ್ತಿಕೊಂಡಳು. ಅವನು ಅತ್ತ ಇತ್ತ ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಂದ.

"ನಿಜವಾಗ್ಲೂ ಹೊರಗಿತ್ತಾ ಗಾಲಿ?"

"ಅರ್ಧ. ಹೋದ ವರ್ಷಾನೂ ಅಷ್ಟೇ ಇತ್ತು. ಮಣ್ಣಲ್ಲಿ ಗುರುತು ನೋಡಿದ್ದೆ."

ಶೇತೆ ಕಣಿವೆಯ ಅಂಚಿನವರೆಗೆ ಹೋಗಿ ಕೆಳಗೆ ಬಗ್ಗಿ ನೋಡಿದ. ಆಮೇಲೆ ಹೇಳಿದ, "ನನಗೆ ರಸ್ತೆ ಕಾಣ್ತಿತ್ತು ದಾರೋ. ಅಗಲವಾದ ರಸ್ತೆ. ಆಣೆಗೂ ಕಾಣ್ತಿತ್ತು." ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಹೆದರಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ಅವಳ ಕೋಪವೆಲ್ಲ ಇಳಿಯಿತು.

ಉಶಾಂಗಿ ವಾಪಸು ಬಂದ. ದಾರೋ ಕಷ್ಟಪಟ್ಟು ಎದ್ದು ನಿಂತಳು.

"ಒಂದು ಟಗರು ತಪ್ಪುಕಾಣಿಕೆ," ಎಂದ ಅವನು.

"ಕೊಡ್ತೀನಿ ಮಾವ. ನನ್ನ ತವರಿನಿಂದ ಬಂದ ಮಂದೆಯಲ್ಲಿ ಒಳ್ಳೇದೊಂದಿದೆ."

"ನಿನ್ನನ್ನ ಯಾರು ಕೇಳಿದ್ರು ಮಧ್ಯದಲ್ಲಿ? ಕೊಡಬೇಕಾದೋನು ಇವನು. ಕುರುಡು ಕಣ್ಣಿಟ್ಕೊಂಡು ಹಬ್ಬದ ಬಾರ್ಲೀನ, ನನ್ನಂಥ ಮುದುಕನ್ನ ಖಾತಿ ಮುಂದೆ ತಂದು ನೇತುಹಾಕಿದೋನು."

ಶೇತೆ ತಟ್ಟನೆ ಹೆಂಡತಿಯ ಕಡೆ ತಿರುಗಿದ.

"ಅವಳ ಮೇಲೆ ಕಣ್ಣು ಬಿಡಬೇಡ, ಇರೋದೇ ಒಂದು," ಎಂದ ಉಶಾಂಗಿ. "ಅವಳು ಹೇಳ್ಲಿಲ್ಲ. ನನ್ನ ಅಂಗಿತೋಳು ಹೇಳ್ತು. ಇನ್ನೂ ಒದ್ದೆ ಇದೆ, ಮೂಸಿ ನೋಡು ಬೇಕಾದ್ರೆ. ಮೂಸೋದ್ರಲ್ಲಿ ನೀನು ಗಟ್ಟಿಗ." ಒಂದು ಹೆಜ್ಜೆ ಇಟ್ಟವನು ನಿಂತು, ಸಣ್ಣ ದನಿಯಲ್ಲಿ ಸೇರಿಸಿದ, "ನೊಡಾರನ ಕಲ್ಲಿನ ಹತ್ರಾನೇ ಕೇಳಬೇಕಿತ್ತು ನಾನು. ನಿನ್ನ ಮಾನ ಹೋಗತ್ತೆ ಅಂತ ಸುಮ್ಮನಿದ್ದೆ. ಅದಕ್ಕೆ ನಂದೂ ಒಂದು ಮರಿ ಕೊಡ್ತೀನಿ."

"ಸರದಿ?" ಎಂದ ಶೇತೆ. ನೆಲ ನೋಡುತ್ತಾ ಕೇಳಿದ.

"ಸರದಿ ನಿಂದೇ. ಬಿಯರ್ ಕಾಯಿಸೋಕೆ ಒಂದು ಕಣ್ಣು ಸಾಕು." ಉಶಾಂಗಿ ಹಿಂದಿನ ಬಾಗಿಲು ತೆಗೆದು ಮೂಟೆಗಳ ನಡುವೆ ತೂರಿಕೊಂಡ. "ನಾನು ಇಲ್ಲಿ ಕೂತಿರ್ತೀನಿ. ಯಾರು ಓಡಿಸ್ತೀರೋ ನಿಮಗೆ ಬಿಟ್ಟಿದ್ದು. ನೀನು ಓಡಿಸೋದಾದ್ರೆ ಮಾತ್ರ ಮೊದಲೇ ಹೇಳು, ಇಳಿದು ನಡೀತೀನಿ."

ಶೇತೆ ಅಭ್ಯಾಸದಂತೆ ಬಲಗಡೆಗೆ ಹೋದ. ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟು ನಿಂತ. ಇಪ್ಪತ್ತು ವರ್ಷದಿಂದ ಹೇಳುತ್ತಲೇ ಬಂದ ದಾರೋ ಆ ಗಳಿಗೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಳು. ಅವನು ಹಿಡಿ ಬಿಟ್ಟ. ಬಾನೆಟ್ಟಿನ ಮೇಲೆ ಕೈ ಸವರುತ್ತಾ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತ. ಕೀಲಿ ಸ್ಟೀರಿಂಗಿನಲ್ಲೇ ಇತ್ತು.

ಅವನ ಸೀಟು ಅವನ ಮೈಯ ಅಚ್ಚಿನಂತೆ ತಗ್ಗು ಬಿದ್ದಿತ್ತು. ದಾರೋ ಅದನ್ನು ಮುಂದಕ್ಕೆ ಎಳೆದುಕೊಂಡಳು. ಕೈಗೆ ಅಂಟಿದ ಮಣ್ಣನ್ನು ಲಂಗಕ್ಕೆ ಒರೆಸಿದಳು. ಇಂಜಿನ್ನು ಹಿಡಿಯಿತು. ಮೊದಲ ಗೇರಿನಲ್ಲಿ ವ್ಯಾನು ಇಳಿಜಾರಿಗೆ ಮೂತಿ ಹಾಕಿತು.

ಶೇತೆಗೆ ಕೂತಲ್ಲಿ ಕೂರಲಾಗಲಿಲ್ಲ. ಇಲ್ಲದ ಬ್ರೇಕನ್ನು ಪಾದ ಒತ್ತುತ್ತಿತ್ತು, ಕೈ ಮೇಲೆದ್ದು ಮತ್ತೆ ತೊಡೆಗೆ ಬೀಳುತ್ತಿತ್ತು. ಹಿಂದೆ ಉಶಾಂಗಿ ಕೆಮ್ಮಿ ನಗು ನುಂಗಿದ. ಮೊದಲ ತಿರುವು ಕಳೆಯಿತು. ಕಣಿವೆ ಬಲಕ್ಕೆ, ದಾರೋಳ ಪಕ್ಕಕ್ಕೇ ಬಂತು. ಅಂಚು ಅವಳಿಗೆ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಎಡಕ್ಕೆ ಉದ್ದಕ್ಕೂ ಬರೀ ಬಂಡೆಗೋಡೆ.

ಶೇತೆ ಗಾಜು ಇಳಿಸಿ ತಲೆ ಹೊರಹಾಕಿ, ಒಳ್ಳೆಯ ಕಣ್ಣು ಬರುವಂತೆ ಕತ್ತು ತಿರುಗಿಸಿ ಗಾಲಿ ನೋಡಿದ.

"ಜಾಗ ಇದೆ," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಒಂದು ಗೇಣು."

"ಆಯ್ತು," ಎಂದಳು ದಾರೋ, ಗೇರು ಬದಲಾಯಿಸುತ್ತಾ.